ತೋತಾಪುರಿ, ತಿರುಳಿನ ಡಬ್ಬಿ ಮತ್ತು ನಮ್ಮ ಹಾಜರಿ ಪುಸ್ತಕ

ಶ್ರೀನಿವಾಸಪುರ ಎಂದರೆ ಮಾವು ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ತಾಲ್ಲೂಕಿನ ತೋಟಗಳಲ್ಲಿ ತೋತಾಪುರಿ ಇಷ್ಟೊಂದು ಏಕೆ ಎಂದು ಕೇಳಿದರೆ, ಉತ್ತರ ಗಡಿಯಾಚೆ ಚಿತ್ತೂರು ಜಿಲ್ಲೆಯ ತಿರುಳು ಕಾರ್ಖಾನೆಗಳಲ್ಲಿದೆ. ಬಾದಾಮಿ, ರಸಪುರಿಗಳನ್ನು ಜನ ಕೊಂಡು ತಿನ್ನುತ್ತಾರೆ. ತೋತಾಪುರಿಗೆ ಆ ಮರ್ಯಾದೆ ಕಡಿಮೆ. ಶಾಲೆಯ ಗೇಟಿನ ಬಳಿ ಉಪ್ಪುಖಾರ ಹಚ್ಚಿದ ಹೋಳು ಬಿಟ್ಟರೆ, ಅದರ ದಾರಿ ಹೆಚ್ಚಾಗಿ ಮಂಡಿಯಿಂದ ಕಾರ್ಖಾನೆಗೆ.

ಆಹಾರವನ್ನು ಗಾಳಿಯಾಡದಂತೆ ಮುಚ್ಚಿ, ಕಾಯಿಸಿ ಕೆಡದಂತೆ ಇಡುವ ವಿಧಾನವನ್ನು ಫ್ರಾನ್ಸಿನ ನಿಕೋಲಾ ಅಪೇರ್ 1810ರಲ್ಲಿ ಪ್ರಕಟಿಸಿದರು. ನಮ್ಮ ರಾಜ್ಯದಲ್ಲೇ, ಮೈಸೂರಿನಲ್ಲಿ, 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. 1955ರಲ್ಲಿ ಹಣ್ಣಿನ ಉತ್ಪನ್ನಗಳ ಗುಣಮಟ್ಟಕ್ಕೆ ಕೇಂದ್ರ ಸರ್ಕಾರದ ಆದೇಶ ಬಂತು.

ಕಾರ್ಖಾನೆಯಲ್ಲಿ ಕಾಯಿಯನ್ನು ಹಣ್ಣು ಮಾಡಿ, ತೊಳೆದು, ಓಟೆ ತೆಗೆದು, ತಿರುಳನ್ನು ಸೋಸಿ ಕಾಯಿಸುತ್ತಾರೆ. ಬಿಸಿ ತಿರುಳನ್ನು ಡಬ್ಬಿಗೆ ತುಂಬಿ ಮುಚ್ಚಿ, ಕುದಿನೀರಿನಲ್ಲಿಟ್ಟು ತಣಿಸುತ್ತಾರೆ. ಮಾವಿನ ಹುಳಿ ಇಲ್ಲಿ ನೆರವಾಗುತ್ತದೆ. ಹುಳಿಯಿಲ್ಲದ ತರಕಾರಿಗಾದರೆ ಒತ್ತಡದ ಹಬೆಯೇ ಬೇಕು.

ಈ ಡಬ್ಬಿಯ ಹಿಂದೆ ನಮ್ಮ ಶಾಲೆಯೂ ಇದೆ. ತೋತಾಪುರಿಯ ಸುಗ್ಗಿಯೂ ಶಾಲೆಯ ಆರಂಭವೂ ಒಂದೇ ಜೂನ್ ತಿಂಗಳಲ್ಲಿ. ಅಪ್ಪಂದಿರು ಕಾಯಿ ಕೀಳಲು, ಅಮ್ಮಂದಿರು ಮಂಡಿಯಲ್ಲಿ ಕಾಯಿ ಆರಿಸಲು ಹೋದರೆ, ಮನೆಯಲ್ಲಿ ಚಿಕ್ಕವರನ್ನು ನೋಡಿಕೊಳ್ಳಲು ಉಳಿಯುತ್ತಿದ್ದವರು ಹೆಣ್ಣುಮಕ್ಕಳು. ಎಂಟನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಜೂನ್ ಪೂರ್ತಿ ಬರಲಿಲ್ಲ. ನಮ್ಮ ಮೇಡಂ ಅವಳ ಮನೆಗೇ ಹೋಗಿ, "ತಮ್ಮನನ್ನೂ ಕರೆದುಕೊಂಡು ಬಾ, ವರಾಂಡದಲ್ಲಿ ಕೂರಲಿ" ಎಂದರು. ಅವಳು ಬಂದಳು, ಹತ್ತನೆಯದನ್ನೂ ಮುಗಿಸಿದಳು. ಬಾರದೆ ಹೋದವರ ಹೆಸರುಗಳು ಹಳೆಯ ಹಾಜರಿ ಪುಸ್ತಕಗಳಲ್ಲಿ ಉಳಿದಿವೆ.

2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಯನ್ನು ತಡೆಯಿತು. ಅಲ್ಲಿನ ರೈತರಿಗೂ ಬೆಲೆ ಕುಸಿದಿತ್ತು. ನಮ್ಮ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತಾ ಬೆಳೆದ ನಮಗೆ ಗಡಿ ಅಷ್ಟು ಗಟ್ಟಿಯಾಗಿ ಕಂಡದ್ದು ಆಗಲೇ. ಮರ ನಮ್ಮದು, ಡಬ್ಬಿ ಇನ್ನೊಬ್ಬರದು ಎಂದಾಗ ಬೆಲೆಯೂ ಇನ್ನೊಬ್ಬರ ಕೈಯಲ್ಲೇ ಇರುತ್ತದೆ.

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನನ್ನದು ಎರಡು ಕೋರಿಕೆ. ಇಲ್ಲಿ ಓದಿದ ಮಕ್ಕಳು ಊರಿನ ಹಣ್ಣಿಗೆ ಊರಿನಲ್ಲೇ ತಿರುಳಿನ ಘಟಕ ಕಟ್ಟುವಂತಾಗಲಿ. ಅದಕ್ಕೂ ಮೊದಲು, ಜೂನ್ ತಿಂಗಳ ಹಾಜರಿಯಲ್ಲಿ ಯಾವ ಹುಡುಗಿಯ ಹೆಸರಿನ ಮುಂದೆಯೂ ಗೈರು ಎಂದು ಬರೆಯುವಂತಾಗದಿರಲಿ.