ಚಿನ್ನದ ನೆಲದ ಆರ್ಸೆನಿಕ್: ಕಾಡುಪ್ರಾಣಿಗಳ ಮೇಲಿನ ಪರಿಣಾಮ

ಗೊರೇಬಾಳ ಸುತ್ತಲಿನ ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ಸೀಮೆ ಎರಡು ಕಾರಣಗಳಿಗೆ ಹೆಸರಾಗಿದೆ. ಒಂದು, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ. ಇನ್ನೊಂದು, ಹಟ್ಟಿ-ಮಸ್ಕಿ ಶಿಲಾವಲಯದ ಚಿನ್ನ. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಪತ್ತೆಹಚ್ಚಿದ ಸಿ. ಬೀಡನ್ ಕೂಡ ಚಿನ್ನದ ಗಣಿಯ ಎಂಜಿನಿಯರ್ ಆಗಿದ್ದರು.

ಇಲ್ಲಿನ ಬಂಡೆಗಳಲ್ಲಿ ಚಿನ್ನದ ಜೊತೆಗೆ ಆರ್ಸೆನೊಪೈರೈಟ್ ಎಂಬ ಖನಿಜವೂ ಇದೆ. ಇದು ಕಬ್ಬಿಣ, ಗಂಧಕ ಮತ್ತು ಆರ್ಸೆನಿಕ್‌ಗಳ ಸಂಯುಕ್ತ. ಹಳಬರು ಪಾಷಾಣವೆಂದು ಕರೆಯುತ್ತಿದ್ದುದು ಇದೇ ಆರ್ಸೆನಿಕ್‌ನ ವಿಷವನ್ನು. ರಸಾಯನಶಾಸ್ತ್ರದ ಪ್ರಕಾರ ಅದು ಅರೆಲೋಹವಾದರೂ, ಮಾಲಿನ್ಯದ ಮಾತು ಬಂದಾಗ ಭಾರಲೋಹಗಳ ಸಾಲಿನಲ್ಲೇ ಅದನ್ನು ಪರಿಗಣಿಸಲಾಗುತ್ತದೆ. ಇಂತಹ ಅದಿರನ್ನು ಅರೆದು ಚಿನ್ನ ತೆಗೆದ ಬಳಿಕ ಉಳಿಯುವ ಪುಡಿಗೆ ಗಾಳಿ, ನೀರು ಸೋಕಿದಾಗ ಆರ್ಸೆನಿಕ್ ಬಿಡುಗಡೆಯಾಗುತ್ತದೆ.

ಕಿರದಳ್ಳಿ ತಾಂಡಾದ ಪಾಠ

ಇದರ ಪರಿಣಾಮ ಮನುಷ್ಯರಲ್ಲಿ ಈಗಾಗಲೇ ಕಂಡುಬಂದಿದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಇರುವುದು ಮಂಗಳೂರು ಎಂಬ ಗ್ರಾಮದ ಹೆಸರು ಪಡೆದ ಇನ್ನೊಂದು ಚಿನ್ನದ ಶಿಲಾವಲಯದಲ್ಲಿ. ಆ ವಲಯದ ಹಳೆಯ ಗಣಿ ಪ್ರದೇಶದ ಕುರಿತು 2013ರಲ್ಲಿ ಅಧ್ಯಯನವೊಂದು ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆಬಾವಿ ನೀರಿನ ಮಾದರಿಗಳ ಪೈಕಿ ಶೇ 79ರಲ್ಲಿ ಆರ್ಸೆನಿಕ್ ಪ್ರಮಾಣವು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚಿತ್ತು. ಗರಿಷ್ಠ ಪ್ರಮಾಣ 303 ಮೈಕ್ರೋಗ್ರಾಂ. ತಪಾಸಣೆಗೊಳಗಾದ 181 ಜನರಲ್ಲಿ ಶೇ 58.6ರಷ್ಟು ಮಂದಿಗೆ ಆರ್ಸೆನಿಕ್‌ನಿಂದಾಗುವ ಚರ್ಮದ ಗಾಯಗಳಿದ್ದವು. ಮೇಲ್ಮಣ್ಣಿನ 12 ಮಾದರಿಗಳ ಪೈಕಿ ಆರರಲ್ಲಿ ಕಿಲೋಗೆ 2000 ಮಿಲಿಗ್ರಾಂಗೂ ಅಧಿಕ ಆರ್ಸೆನಿಕ್ ಇತ್ತು.

ಕಾಡುಪ್ರಾಣಿಗಳ ಮಟ್ಟಿಗೆ ಈ ಕೊನೆಯ ಅಂಕಿಯೇ ಮುಖ್ಯ. ಅವು ಕೊಳವೆಬಾವಿಯ ನೀರು ಕುಡಿಯುವುದಿಲ್ಲ. ಹಳ್ಳ, ಹೊಂಡಗಳನ್ನು ಅವಲಂಬಿಸಿವೆ. ಹುಲ್ಲು ಮೇಯುವ ಮೊಲ ಮಣ್ಣನ್ನೂ ನುಂಗುತ್ತದೆ. ಬಿಲ ತೋಡುವ ನರಿಯು ಮೈ ನೆಕ್ಕುವಾಗ ತುಪ್ಪಳಕ್ಕೆ ಅಂಟಿದ ಧೂಳು ಹೊಟ್ಟೆ ಸೇರುತ್ತದೆ.

ಕೆನಡಾದ ಮೊಲಗಳು

ಇದಕ್ಕೆ ಕೆನಡಾದ ಯೆಲ್ಲೋನೈಫ್ ನಗರದ ಉದಾಹರಣೆ ಇದೆ. ಅಲ್ಲಿನ ಜೈಂಟ್ ಚಿನ್ನದ ಗಣಿ 1948ರಿಂದ 2004ರವರೆಗೆ ನಡೆಯಿತು. ಅದಿರು ಹುರಿದಾಗ ಹೊಮ್ಮಿದ ಆರ್ಸೆನಿಕ್‌ನ ಒಂದು ಭಾಗ ಸುತ್ತಲಿನ ನೆಲದ ಮೇಲೆ ಬಿತ್ತು. ಉಳಿದದ್ದರಲ್ಲಿ ಸುಮಾರು 2.37 ಲಕ್ಷ ಟನ್ ಆರ್ಸೆನಿಕ್ ಟ್ರೈಆಕ್ಸೈಡ್ ಧೂಳನ್ನು ಗಣಿಯೊಳಗೇ ತುಂಬಿಡಲಾಗಿದೆ. 2018ರಲ್ಲಿ ಪ್ರಕಟವಾದ ಸಂಶೋಧನೆಗಳು ಆ ಭಾಗದ ಕಾಡುಮೊಲಗಳ ಉಗುರುಗಳಲ್ಲಿ ಹೆಚ್ಚಿನ ಆರ್ಸೆನಿಕ್ ಇರುವುದನ್ನೂ, ಮೂಳೆಗಳು ಸವೆದು ಬಲಹೀನವಾಗಿರುವುದನ್ನೂ ದಾಖಲಿಸಿವೆ. ಗಣಿ ಮುಚ್ಚಿ ಹತ್ತಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲಿನ ಸ್ಥಿತಿ ಇದು ಎಂಬುದು ಗಮನಾರ್ಹ.

ಬೇರೆ ಲೋಹ, ಬೇರೆ ದಾರಿ

ಎಲ್ಲ ಲೋಹಗಳೂ ಒಂದೇ ರೀತಿ ಹಾನಿ ಮಾಡುವುದಿಲ್ಲ. ಸೀಸವು ಕ್ಯಾಲ್ಸಿಯಂನ ಸ್ಥಾನದಲ್ಲಿ ಮೂಳೆ ಸೇರುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ನೆಲೆಸುತ್ತದೆ. ಪಾದರಸವು ನೀರಿನಲ್ಲಿ ಸೂಕ್ಷ್ಮಜೀವಿಗಳಿಂದ ಮೀಥೈಲ್ ಪಾದರಸವಾಗಿ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸಾಗುತ್ತಾ ಸಾಂದ್ರವಾಗುತ್ತದೆ. ಮೀನು ತಿನ್ನುವ ಪ್ರಾಣಿಯ ನರಮಂಡಲವನ್ನು ಕೆಡಿಸುತ್ತದೆ. ಗರ್ಭದಲ್ಲಿರುವ ಮರಿಯನ್ನೂ ಅದು ಬಿಡುವುದಿಲ್ಲ. ಆದ್ದರಿಂದ ನದಿಯ ಆರೋಗ್ಯಕ್ಕೆ ನೀರುನಾಯಿಯೇ ಸೂಚಕ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರೆಯ 34 ಕಿ.ಮೀ. ಹರಿವನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ.

ಪರಿಹಾರ ಏನು?

ಪ್ರಾಣಿಯನ್ನು ಕೊಲ್ಲದೆಯೇ ಉದುರಿದ ಕೂದಲು ಹಾಗೂ ಹಿಕ್ಕೆಗಳಿಂದ ಲೋಹಗಳ ಪ್ರಮಾಣ ತಿಳಿಯಬಹುದು. ಗಣಿಪುಡಿಯ ರಾಶಿಗಳಿಗೆ ಮಣ್ಣಿನ ಹೊದಿಕೆ ಹಾಕುವುದು, ಅಲ್ಲಿಂದ ಹರಿಯುವ ಮಳೆನೀರು ಹಳ್ಳ ಸೇರದಂತೆ ತಡೆಯುವುದು ಮೂಲದಲ್ಲೇ ಮಾಡಬೇಕಾದ ಕೆಲಸ. ಊರಿನ ಬಾವಿ ಕೆಟ್ಟರೆ ಬೇರೆಡೆಯಿಂದ ನೀರು ತರಬಹುದು. ನರಿ, ಮೊಲಗಳಿಗೆ ಹಳ್ಳದ ನೀರಲ್ಲದೆ ಬೇರೆ ನೀರಿಲ್ಲ.