ಕೊರೊನಾ ಮನುಷ್ಯರಿಂದ ಕಾಡುಪ್ರಾಣಿಗಳಿಗೂ ಹರಡುತ್ತದೆಯೇ?

‘ನಾಯಿ, ಬೆಕ್ಕಿನಿಂದ ಕೊರೊನಾ ಬರುತ್ತದೆ, ಕೂಡಲೇ ಮನೆಯಿಂದ ಆಚೆ ಬಿಡಿ’ ಎಂಬ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಬೆನ್ನಿಗೇ ‘ಇದು ಮನುಷ್ಯರ ಕಾಯಿಲೆ, ಪ್ರಾಣಿಗಳಿಗೆ ತಗಲುವುದೇ ಇಲ್ಲ’ ಎಂಬ ಇನ್ನೊಂದು ಸಂದೇಶವೂ ಬಂದಿರಬಹುದು. ಎರಡೂ ತಪ್ಪು. ಹಾಗಾದರೆ ನಿಜ ಏನು? ನೋಡೋಣ.

ಚಿಕ್ಕದಾಗಿ ಹೇಳುವುದಾದರೆ: ಕೋವಿಡ್ ಪ್ರಾಣಿಗಳಿಗೂ ತಗಲುತ್ತದೆ. ಆದರೆ ಹೆಚ್ಚಿನ ಪ್ರಕರಣಗಳಲ್ಲಿ ಅದನ್ನು ಅವುಗಳಿಗೆ ಅಂಟಿಸಿದವರು ಮನುಷ್ಯರೇ.

ಮೃಗಾಲಯದಲ್ಲಿ ಸಿಕ್ಕ ಮೊದಲ ಸುಳಿವು

2020ರ ಮಾರ್ಚ್ ಕೊನೆಯಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದ ನಾದಿಯಾ ಎಂಬ ಹೆಣ್ಣುಹುಲಿಗೆ ಒಣಕೆಮ್ಮು ಶುರುವಾಯಿತು. ಪರೀಕ್ಷೆ ಮಾಡಿದಾಗ ಕೋವಿಡ್ ಎಂದು ಗೊತ್ತಾಯಿತು. ಆಗ ಮೃಗಾಲಯಕ್ಕೆ ಜನರ ಪ್ರವೇಶವೇ ಇರಲಿಲ್ಲ. ರೋಗಲಕ್ಷಣವಿಲ್ಲದ ಸಿಬ್ಬಂದಿಯೊಬ್ಬರಿಂದ ಸೋಂಕು ಬಂದಿರಬೇಕು ಎಂದು ತಜ್ಞರು ತೀರ್ಮಾನಿಸಿದರು.

ನಮ್ಮ ದೇಶದಲ್ಲೂ ಹೀಗೆ ಆಗಿದೆ. 2021ರ ಮೇ ತಿಂಗಳಲ್ಲಿ ಹೈದರಾಬಾದ್‌ನ ನೆಹರೂ ಮೃಗಾಲಯದ 8 ಸಿಂಹಗಳಿಗೆ ಸೋಂಕು ತಗಲಿರುವುದು ದೃಢಪಟ್ಟಿತು. ಅವು ಚೇತರಿಸಿಕೊಂಡವು. ಮರುತಿಂಗಳು ಚೆನ್ನೈ ಬಳಿಯ ವಂಡಲೂರು ಮೃಗಾಲಯದಲ್ಲಿ ಸೋಂಕು ಕಾಣಿಸಿಕೊಂಡಾಗ ಎರಡು ಸಿಂಹಗಳು ಸತ್ತವು. ಅಲ್ಲಿನ ನಾಲ್ಕು ಸಿಂಹಗಳ ಮಾದರಿಯಲ್ಲಿ ಸಿಕ್ಕಿದ್ದು ಡೆಲ್ಟಾ ರೂಪಾಂತರಿ. ಅದೇ ಹೊತ್ತಿಗೆ ನಮ್ಮ ಊರುಗಳ ಆಸ್ಪತ್ರೆಗಳನ್ನು ತುಂಬಿಸಿದ್ದೂ ಅದೇ ಡೆಲ್ಟಾ.

ಕಾಡಿನ ಜಿಂಕೆಗೆ ಹೇಗೆ ಬಂತು?

ಮೃಗಾಲಯದ ಪ್ರಾಣಿಗಳ ಜೊತೆ ಮನುಷ್ಯರು ದಿನವೂ ಒಡನಾಡುತ್ತಾರೆ. ಆದರೆ ಅಮೆರಿಕದ ಕಾಡುಗಳಲ್ಲಿ ತಮ್ಮ ಪಾಡಿಗೆ ಓಡಾಡಿಕೊಂಡಿರುವ ಬಿಳಿಬಾಲದ ಜಿಂಕೆಗಳಲ್ಲೂ ಇದೇ ವೈರಸ್ ಸಿಕ್ಕಾಗ ವಿಜ್ಞಾನಿಗಳು ಬೆಚ್ಚಿದರು.

ಅಯೋವಾ ರಾಜ್ಯದಲ್ಲಿ ಜಿಂಕೆಗಳ ಬೇರೊಂದು ಕಾಯಿಲೆಯ ಮೇಲೆ ಕಣ್ಣಿಡಲು ಸಂಗ್ರಹಿಸಿದ್ದ ಮಾದರಿಗಳಿದ್ದವು. 2020ರ ಏಪ್ರಿಲ್‌ನಿಂದ 2021ರ ಜನವರಿವರೆಗಿನ ಆ 283 ಮಾದರಿಗಳನ್ನು ಕೊರೊನಾಕ್ಕಾಗಿ ಪರೀಕ್ಷಿಸಿದಾಗ 94ರಲ್ಲಿ, ಅಂದರೆ ಮೂರರಲ್ಲಿ ಒಂದರಲ್ಲಿ, ವೈರಸ್ ಪತ್ತೆಯಾಯಿತು. ಓಹಿಯೋ ರಾಜ್ಯದಲ್ಲೂ 360 ಜಿಂಕೆಗಳ ಪೈಕಿ ಸುಮಾರು ಮೂರನೇ ಒಂದು ಭಾಗ ಪಾಸಿಟಿವ್ ಬಂತು.

ಇದು ಮನುಷ್ಯರಿಂದಲೇ ಹೋಗಿದ್ದು ಎಂದು ಹೇಗೆ ಹೇಳುವುದು? ವೈರಸ್ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋದಂತೆ ಅದರ ಆರ್‌ಎನ್‌ಎಯಲ್ಲಿ ಸಣ್ಣಪುಟ್ಟ ಬದಲಾವಣೆಗಳು ಸೇರಿಕೊಳ್ಳುತ್ತವೆ. ಆ ಗುರುತುಗಳನ್ನು ಹೋಲಿಸಿ ನೋಡಿದರೆ ಯಾವುದು ಯಾವುದರಿಂದ ಬಂತು ಎಂಬ ವಂಶಾವಳಿ ಬರೆಯಬಹುದು. ಜಿಂಕೆಗಳಲ್ಲಿ ಸಿಕ್ಕಿದ್ದು ಆಯಾ ಪ್ರದೇಶದ ಜನರಲ್ಲಿ ಆಗ ಹರಡುತ್ತಿದ್ದ ವೈರಸ್‌ನ ಸಂತತಿಯೇ. ಅಮೆರಿಕದಲ್ಲಿ ನಡೆದ ಇನ್ನೂ ದೊಡ್ಡ ಅಧ್ಯಯನವೊಂದು 2021ರ ಕೊನೆಯಿಂದ 2022ರ ಆರಂಭದವರೆಗಿನ ಮಾದರಿಗಳನ್ನು ನೋಡಿ, ವೈರಸ್ ಮನುಷ್ಯರಿಂದ ಜಿಂಕೆಗಳಿಗೆ ಕನಿಷ್ಠ 109 ಬಾರಿ ಬೇರೆಬೇರೆಯಾಗಿ ದಾಟಿದೆ ಎಂದು ಲೆಕ್ಕ ಹಾಕಿತು. ಜನರು ಮೇವು ಹಾಕುವುದು, ಎಸೆದ ಆಹಾರ, ಕೊಳಚೆ ನೀರು, ಹೀಗೆ ಹಲವು ದಾರಿಗಳಿಂದ ಸೋಂಕು ಹೋಗಿರುವ ಸಾಧ್ಯತೆಯನ್ನು ಸಂಶೋಧಕರು ಮುಂದಿಡುತ್ತಾರೆ.

ಎಲ್ಲ ಪ್ರಾಣಿಗಳಿಗೂ ತಗಲುತ್ತದೆಯೇ?

ಇಲ್ಲ. ನಮ್ಮ ಜೀವಕೋಶಗಳ ಮೇಲೆ ಎಸಿಇ2 ಎಂಬ ಪ್ರೋಟೀನ್ ಇದೆ. ಅದನ್ನು ಬೀಗ ಎಂದುಕೊಂಡರೆ, ವೈರಸ್‌ನ ಮೈಮೇಲಿನ ಮುಳ್ಳಿನಂಥ ಭಾಗವೇ ಕೀಲಿ. ಬೆಕ್ಕಿನ ಜಾತಿಯ ಪ್ರಾಣಿಗಳು, ಮಿಂಕ್, ಬಿಳಿಬಾಲದ ಜಿಂಕೆ, ಇವುಗಳ ಬೀಗ ನಮ್ಮದನ್ನೇ ಹೋಲುವುದರಿಂದ ಕೀಲಿ ಸಲೀಸಾಗಿ ಕೂರುತ್ತದೆ. ಕೋಳಿಗಳಲ್ಲಿ ಅದು ಕೂರುವುದಿಲ್ಲ. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ 2020ರ ಫಾರ್ವರ್ಡ್‌ಗೆ ಆಧಾರ ಇರಲಿಲ್ಲ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ಜಿಂಕೆಗೆ ಬಂದರೆ ನಮಗೇನು?

ಸೋಂಕು ತಗಲಿದ ಹೆಚ್ಚಿನ ಜಿಂಕೆಗಳಲ್ಲಿ ಕಾಯಿಲೆಯ ಲಕ್ಷಣಗಳೇ ಕಾಣುವುದಿಲ್ಲ. ಹಾಗಿದ್ದರೂ ಚಿಂತಿಸಲು ಮೂರು ಕಾರಣಗಳಿವೆ.

1. ವೈರಸ್‌ಗೆ ಅಡಗಲು ಜಾಗ ಸಿಗುತ್ತದೆ. ನ್ಯೂಯಾರ್ಕ್ ರಾಜ್ಯದ ಜಿಂಕೆಗಳಲ್ಲಿ, ಜನರ ನಡುವೆ ಬಹುತೇಕ ಮರೆಯಾಗಿದ್ದ ಆಲ್ಫಾ ಮತ್ತು ಗಾಮಾ ರೂಪಾಂತರಿಗಳು ಆಮೇಲೂ ಸಿಕ್ಕವು. ಭಾರತದಲ್ಲಿ 2022ರಲ್ಲಿ ಪ್ರಾಣಿಗಳಿಗೆಂದೇ ಆಂಕೊವ್ಯಾಕ್ಸ್ ಎಂಬ ಲಸಿಕೆ ಬಂದಿದೆ. ಮೃಗಾಲಯದ ಸಿಂಹಕ್ಕೆ ಚುಚ್ಚುಮದ್ದು ಕೊಡಬಹುದು. ಅಮೆರಿಕದಲ್ಲಿ ಕೋಟಿಗಟ್ಟಲೆ ಇರುವ ಜಿಂಕೆಗಳಿಗೆ ಯಾರು ಕೊಡುತ್ತಾರೆ?

2. ಅಲ್ಲಿ ವೈರಸ್ ಬದಲಾಗುತ್ತದೆ. ಓಹಿಯೋದ ಅಧ್ಯಯನವೊಂದರ ಪ್ರಕಾರ ಜಿಂಕೆಗಳಲ್ಲಿ ಅದು ಮನುಷ್ಯರಲ್ಲಿರುವುದಕ್ಕಿಂತ ಸುಮಾರು ಮೂರು ಪಟ್ಟು ವೇಗವಾಗಿ ಬದಲಾಗುತ್ತಿತ್ತು.

3. ಅದು ವಾಪಸು ಬರಬಹುದು. ಡೆನ್ಮಾರ್ಕ್‌ನಲ್ಲಿ ತುಪ್ಪಳಕ್ಕಾಗಿ ಸಾಕುವ ಮಿಂಕ್‌ಗಳಿಗೆ ಮನುಷ್ಯರಿಂದ ಸೋಂಕು ಹೋಗಿ, ಬದಲಾದ ವೈರಸ್ ಮತ್ತೆ ಮನುಷ್ಯರಿಗೆ ಬಂತು. 2020ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರ ದೇಶದ ಎಲ್ಲ ಮಿಂಕ್‌ಗಳನ್ನೂ ಕೊಲ್ಲಲು ಹೇಳಿತು. ಸತ್ತಿದ್ದು ಒಂದೂವರೆ ಕೋಟಿಗೂ ಹೆಚ್ಚು ಪ್ರಾಣಿಗಳು. ಸೋಂಕು ತಂದಿದ್ದು ಮನುಷ್ಯರು, ಬೆಲೆ ತೆತ್ತಿದ್ದು ಅವು.

ಇದು ಕೊರೊನಾದಿಂದ ಶುರುವಾದ ಕಥೆಯೂ ಅಲ್ಲ. 2013ರಲ್ಲಿ ಉಗಾಂಡಾದ ಕಿಬಾಲೆ ಕಾಡಿನಲ್ಲಿ ಐದು ಚಿಂಪಾಂಜಿಗಳು ಸತ್ತವು. ಕಾರಣ, ನಮಗೆ ಬರೀ ನೆಗಡಿ ತರುವ ರೈನೋವೈರಸ್. ನಮ್ಮ ಸಣ್ಣ ನೆಗಡಿ ಅವುಗಳ ಜೀವ ತೆಗೆಯಬಲ್ಲದು.

ಹಾಗಾದರೆ ನಾಯಿ, ಬೆಕ್ಕನ್ನು ಹೊರಗೆ ಬಿಡಬೇಕೇ?

ಖಂಡಿತ ಬೇಡ. ಸಾಕುಪ್ರಾಣಿಯಿಂದ ಮನುಷ್ಯರಿಗೆ ಸೋಂಕು ಬಂದ ಉದಾಹರಣೆಗಳು ಬೆರಳೆಣಿಕೆಯಷ್ಟು. ಥಾಯ್ಲೆಂಡ್‌ನಲ್ಲಿ ಬೆಕ್ಕೊಂದು ಮುಖಕ್ಕೆ ಸೀನಿದ್ದರಿಂದ ಪಶುವೈದ್ಯೆಗೆ ಸೋಂಕು ತಗಲಿತ್ತು. ಆ ಬೆಕ್ಕಿಗೆ ಅದು ಬಂದಿದ್ದು ಸೋಂಕಿತರಾಗಿದ್ದ ಮಾಲೀಕರಿಂದ. ಹೆಚ್ಚಿನ ನಾಯಿ, ಬೆಕ್ಕುಗಳು ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಬೀದಿಗೆ ಬಿಟ್ಟರೆ ಅವು ಹಸಿವಿನಿಂದಲೋ ವಾಹನಕ್ಕೆ ಸಿಕ್ಕೋ ಸಾಯುವ ಅಪಾಯವೇ ಹೆಚ್ಚು.

ನಾವು ಮಾಡಬಹುದಾದದ್ದು

• ನಿಮಗೆ ಕೋವಿಡ್ ಅಥವಾ ಜ್ವರ, ಕೆಮ್ಮು ಇದ್ದರೆ ಸಾಕುಪ್ರಾಣಿಯಿಂದಲೂ ಸ್ವಲ್ಪ ದಿನ ದೂರವಿರಿ. ಊಟ ಹಾಕುವ ಕೆಲಸವನ್ನು ಮನೆಯ ಬೇರೆಯವರು ನೋಡಿಕೊಳ್ಳಲಿ.
• ಪ್ರಾಣಿಗಳಿಗೆ ಮಾಸ್ಕ್ ಹಾಕಬೇಡಿ. ಸ್ಯಾನಿಟೈಸರ್‌ನಿಂದ ಮೈ ಒರೆಸಬೇಡಿ, ಅದು ಅವುಗಳಿಗೆ ವಿಷವಾಗಬಹುದು.
• ಬಂಡೀಪುರದ ರಸ್ತೆಯಲ್ಲಿ ಕಾರು ನಿಲ್ಲಿಸಿ ಜಿಂಕೆಗೋ ಕೋತಿಗೋ ಬಿಸ್ಕತ್ತು ಕೊಡಬೇಡಿ. ಎಂಜಲು, ಬಳಸಿದ ಮಾಸ್ಕ್, ಟಿಶ್ಯೂಗಳನ್ನು ಕಾಡಿನಲ್ಲಿ ಎಸೆಯಬೇಡಿ.
• ಹುಷಾರಿಲ್ಲದಿದ್ದರೆ ಮೃಗಾಲಯ, ಸಫಾರಿಯ ಯೋಜನೆಯನ್ನು ಮುಂದೂಡಿ.

‘ಈ ಪ್ರಾಣಿಯಿಂದ ರೋಗ ಬರುತ್ತದೆ’ ಎಂಬ ಸಂದೇಶ ಮುಂದಿನ ಸಲ ಬಂದಾಗ ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಪ್ರಾಣಿಗೆ ರೋಗ ಬಂದಿದ್ದು ಯಾರಿಂದ?