ಮೋಡಕ್ಕೆ ಹೆಸರಿಟ್ಟ ಔಷಧ ವ್ಯಾಪಾರಿ

ಪೀತಮ್‌ಪುರದ ಟಿ.ವಿ. ಗೋಪುರದ ಎತ್ತರ 235 ಮೀಟರ್. ಚಳಿಗಾಲದ ಕೆಲವು ಬೆಳಗುಗಳಲ್ಲಿ ಅದರ ಬುಡ ಕಾಣುತ್ತದೆ, ತುದಿ ಕಾಣುವುದಿಲ್ಲ. ತುದಿಯನ್ನು ನುಂಗಿದ್ದು ಪದರ ಮೋಡ, ಅಂದರೆ ಸ್ಟ್ರಾಟಸ್. ಅದೇ ನೆಲ ಮುಟ್ಟಿದರೆ ಮಂಜು. ಈ ಲ್ಯಾಟಿನ್ ಹೆಸರು ಹುಟ್ಟಿದ್ದು 1802ರ ಡಿಸೆಂಬರಿನಲ್ಲಿ, ಲಂಡನ್ನಿನ ಒಂದು ಸಣ್ಣ ವಿಜ್ಞಾನ ಕೂಟದಲ್ಲಿ.

ಅಂದು ಪ್ರಬಂಧ ಓದಿದ ಲ್ಯೂಕ್ ಹೊವಾರ್ಡ್ ಔಷಧ ತಯಾರಿಸಿ ಮಾರುವ ಕಸುಬಿನವನು. ಅದಕ್ಕೂ ಮುಂಚೆ ಮೋಡಗಳಿಗೆ ಹೆಸರೇ ಇರಲಿಲ್ಲವೆಂದಲ್ಲ. ಕನ್ನಡದಲ್ಲೇ ಕಾರ್ಮೋಡ, ಬೆಳ್ಮುಗಿಲು ಇವೆ. ಆದರೆ ಅವು ಬಣ್ಣ ನೋಡಿ ಇಟ್ಟ ಹೆಸರುಗಳು. ಮಧ್ಯಾಹ್ನ ಬೆಳ್ಳಗಿದ್ದದ್ದು ಸಂಜೆ ಕಪ್ಪಾದರೆ ಬದಲಾದದ್ದು ಮೋಡವೋ, ಬೆಳಕೋ? ಹೊವಾರ್ಡ್ ಬಣ್ಣ ಬಿಟ್ಟು ಆಕಾರ ಹಿಡಿದ: ಕೂದಲೆಳೆಯಂಥ ಸಿರಸ್, ರಾಶಿ ಹಾಕಿದಂಥ ಕ್ಯುಮುಲಸ್, ಹಾಸಿದಂಥ ಸ್ಟ್ರಾಟಸ್. ಮಳೆ ಸುರಿಸುವುದು ನಿಂಬಸ್. ಒಂದು ಇನ್ನೊಂದಾಗಿ ಮಾರ್ಪಡುವಾಗ ಎರಡು ಹೆಸರುಗಳನ್ನೂ ಕೂಡಿಸಿದ. ಅವನ ಜಾಣತನವಿರುವುದು ಈ ಕೂಡಿಕೆಯಲ್ಲೇ. ಮೋಡ ನಿಂತಲ್ಲಿ ನಿಲ್ಲುವ ವಸ್ತುವಲ್ಲವಲ್ಲ. ಅದೇ ವರ್ಷ ಪ್ಯಾರಿಸಿನಲ್ಲಿ ಲಾಮಾರ್ಕ್ ಕೂಡ ಮೋಡಗಳನ್ನು ವಿಂಗಡಿಸಿದ್ದ. ಅವನು ಕೊಟ್ಟ ಫ್ರೆಂಚ್ ಹೆಸರುಗಳು ಉಳಿಯಲಿಲ್ಲ.

ಲಂಡನ್ನಿನ ಆಕಾಶ ನೋಡಿ ಇಟ್ಟ ಹೆಸರು ಬೇರೆ ಸೀಮೆಗೆ ಒಪ್ಪೀತೇ? 1880ರ ದಶಕದಲ್ಲಿ ರಾಲ್ಫ್ ಅಬರ್‌ಕ್ರಾಂಬಿ ಎರಡು ಸಲ ಭೂಮಿ ಸುತ್ತಿ ಬಂದು, ಮೋಡದ ಮೂಲ ಆಕಾರಗಳು ಎಲ್ಲೆಡೆ ಒಂದೇ ಎಂದ. ಸ್ವೀಡನ್ನಿನ ಹಿಲ್ಡೆಬ್ರಾಂಡ್‌ಸನ್ ಜೊತೆಗೂಡಿ 1887ರಲ್ಲಿ ಹತ್ತು ಬಗೆಗಳನ್ನು ಗುರುತಿಸಿದ. 1896ರಲ್ಲಿ ಅಂತರರಾಷ್ಟ್ರೀಯ ಮೋಡಗಳ ಅಟ್ಲಾಸ್ ಬಂತು. ಕನ್ನಡ ಪಾಠಪುಸ್ತಕಗಳ ‘ರಾಶಿ ಮೋಡ’, ‘ಪದರ ಮೋಡ’ ಈ ವಂಶದವೇ.

ಹಾಗಾಗಿ ಪೀತಮ್‌ಪುರದ ಮಾಳಿಗೆಯಿಂದಲೂ ಇವನ್ನು ಗುರುತಿಸಬಹುದು. ನೆತ್ತಿಯ ಕಡೆಗಿರುವ ಮೋಡದ ತುಣುಕುಗಳತ್ತ ಕೈ ನೀಳವಾಗಿ ಚಾಚಿ. ತುಣುಕು ಕಿರುಬೆರಳಿನ ಅಗಲಕ್ಕಿಂತ ಸಣ್ಣದಾದರೆ ಸಿರೋಕ್ಯುಮುಲಸ್, ಮೂರು ಬೆರಳಿನೊಳಗಾದರೆ ಆಲ್ಟೋಕ್ಯುಮುಲಸ್, ಇನ್ನೂ ದೊಡ್ಡದಾದರೆ ಸ್ಟ್ರಾಟೋಕ್ಯುಮುಲಸ್. ತೆಳು ಪರದೆಯಂಥ ಮೋಡದಲ್ಲಿ ಸೂರ್ಯನ ಸುತ್ತ ಬಳೆ ಮೂಡಿದರೆ ಅದು ಸಿರೋಸ್ಟ್ರಾಟಸ್. ಬಳೆಯಿಲ್ಲದೆ ಸೂರ್ಯ ಮಸಕು ಗಾಜಿನ ಹಿಂದಿದ್ದಂತೆ ಕಂಡರೆ ಆಲ್ಟೋಸ್ಟ್ರಾಟಸ್. ಚಳಿಗಾಲದಲ್ಲಿ ಪಶ್ಚಿಮದಿಂದ ಮಳೆ ಬರುವ ಮುನ್ನ ಇವೆರಡೂ ಹಲವು ಸಲ ಇದೇ ಸರದಿಯಲ್ಲಿ ಬರುತ್ತವೆ.

ದಿಲ್ಲಿಯ ಚಳಿಗಾಲದ ಮಬ್ಬೆಲ್ಲ ಮೋಡವಲ್ಲ, ಹೊಗೆಯೂ ಹೌದು. ಲಂಡನ್ನಿನ ಕಲ್ಲಿದ್ದಲ ಹೊಗೆ ಬೆರೆತ ಮಂಜಿನ ಬಗ್ಗೆ ಹೊವಾರ್ಡನೇ ಬರೆದಿದ್ದಾನೆ.

ಮೇ, ಜೂನ್‌ನಲ್ಲಿ ಗುರುತಿಸಲೇಬೇಕಾದದ್ದು ಕ್ಯುಮುಲೋನಿಂಬಸ್. ಗೋಪುರದಂತೆ ಬೆಳೆದ ಆ ರಾಶಿಯ ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿದೆಯೆಂದರೆ ಸಿಡಿಲು, ಆಲಿಕಲ್ಲು, ದೂಳೆಬ್ಬಿಸುವ ಆಂಧಿ ಯಾವುದೂ ಬರಬಹುದು. ಒಣಹಾಕಿದ ಬಟ್ಟೆಯನ್ನು ಆಗಲೇ ಒಳಗೆ ತರುವುದು ಲೇಸು.